ಮಾವನವರ ಅಣ್ಣನ ಹೆಸರೇನು?

ಬೈಲಹೊಂಗಲದ ತವರಿನಿಂದ ವಿಜಯಪುರದ ಶಿಲೇದಾರ ಮನೆತನಕ್ಕೆ ಸೊಸೆಯಾಗಿ ಬಂದ ತಂಗಿಯೊಬ್ಬರು ಬರೆದ ಪತ್ರವನ್ನು ಈ ವಾರ ಬದಿಗಿಡಲು ನನ್ನಿಂದಾಗಲಿಲ್ಲ. ಅವರ ಗಂಡುಮಗುವಿಗೆ ಈಗ ಎಂಟು ತಿಂಗಳು. ತೊಟ್ಟಿಲಿಗೆ ಹಾಕಿದ ದಿನ ನಾದಿನಿ ಮಗುವಿನ ಕಿವಿಯಲ್ಲಿ ‘ರಣವೀರ’ ಎಂದು ಉಸುರಿ, ಸುತ್ತ ನೆರೆದ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದು, ಆಮೇಲೆ ಎಲ್ಲರಿಗೂ ಕೇಳುವಂತೆ ಹೆಸರು ಹೇಳಿದರು. ಅದನ್ನು ಆರಿಸಿದವರು ಮಾವನವರು. ಹೆತ್ತವಳನ್ನು ಯಾರೂ ಕೇಳಿರಲಿಲ್ಲ. ರಣವೀರ ಎಂದರೆ ಯುದ್ಧದ ವೀರ, ಶಿಲೇದಾರ ಎಂದರೆ ಆಯುಧ ಹಿಡಿದವನು. ಹೆಸರಿನಲ್ಲೂ ಅಡ್ಡಹೆಸರಿನಲ್ಲೂ ಕತ್ತಿ ಹೊತ್ತ ಮಗು ನಾಳೆ ಎಂಥವನಾದಾನು ಎಂಬ ಚಿಂತೆ ಅವರನ್ನು ಕಾಡುತ್ತಿದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ. “ಯಾರಿಗೂ ಹೇಳದೆ ಅಲ್ಲಿ ಸುಶಾಂತ ಎಂದು ಬರೆಸಿಬಿಡಲೇ?” ಎಂದು ಕೇಳಿದ್ದಾರೆ. ಪತಿಯಂತೂ “ನೀವು ನೀವೇ ನೋಡಿಕೊಳ್ಳಿ” ಎಂದು ಸುಮ್ಮನಾಗಿದ್ದಾರಂತೆ.

ತಂಗಿ, ನಿಮ್ಮ ದೀರ್ಘ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಹೋಗುತ್ತ ಹೋಗುತ್ತ ಬರೆದ ಒಂದು ಸಾಲು: “ಮಾವನವರ ಅಣ್ಣ ಮಿಲಿಟರಿಯಲ್ಲಿದ್ದರಂತೆ, 1971ರ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲವಂತೆ, ಅದೆಲ್ಲ ಹಳೆಯ ಮಾತು.” ಈ ಸಾಲಿಗೆ ಬರುವ ಮೊದಲು ನಿಮ್ಮನ್ನು ಹೆದರಿಸಿರುವ ಆ ಎರಡು ಪದಗಳನ್ನು ನೋಡಿಬಿಡೋಣ.

ಶಿಲೇದಾರ ಎಂಬುದಕ್ಕೆ ‘ಶಿಲೆಯಂತೆ ಗಟ್ಟಿ’ ಎಂದು ನಿಮ್ಮ ನಾದಿನಿ ಹೇಳಿದ ಅರ್ಥ ಸರಿಯಲ್ಲ, ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಆಯುಧ ಎಂಬ ಅರ್ಥದ ಅರಬ್ಬಿಯ ‘ಸಿಲಾಹ್’ ಮತ್ತು ಹೊಂದಿದವನು ಎಂಬ ಅರ್ಥದ ಪಾರ್ಸಿಯ ‘ದಾರ್’ ಕೂಡಿ ಆದ ಪದ ಅದು. ಅಲ್ಲಿಯವರೆಗೆ ನೀವು ಬರೆದದ್ದು ನಿಜವೇ. ಆದರೆ ಅದು ಶೌರ್ಯಕ್ಕೆ ಕೊಟ್ಟ ಬಿರುದಲ್ಲ. ಮರಾಠರ ಕುದುರೆ ದಂಡಿನಲ್ಲಿ ಸರಕಾರ ಕೊಟ್ಟ ಕುದುರೆಯನ್ನು ಏರಿದವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ನಿಂತವನು ಶಿಲೇದಾರ. ಕುದುರೆಯ ಮೇವು, ಜೀನು, ಲಾಳ ಎಲ್ಲವನ್ನೂ ಅವನೇ ನೋಡಿಕೊಳ್ಳಬೇಕಿತ್ತು. ಹಾಗಾಗಿ ಈ ಅಡ್ಡಹೆಸರು ನಿಮ್ಮ ಮಗನ ಹಿರಿಯರು ಎಷ್ಟು ತಲೆ ಕಡಿದರೆಂದು ಹೇಳುವುದಿಲ್ಲ. ಯಾವ ಕರಾರಿನ ಮೇಲೆ ದುಡಿದರೆಂದು ಹೇಳುತ್ತದೆ. ಆದಿಲಶಾಹಿಗಳು, ಆಮೇಲೆ ಮರಾಠರು ಆಳಿದ ನಮ್ಮ ಸೀಮೆಯಲ್ಲಿ ಕಿಲ್ಲೇದಾರ, ಜಮಾದಾರ, ಹವಾಲ್ದಾರ ಎಂಬ ಅಡ್ಡಹೆಸರುಗಳೂ ದೇಸಾಯಿ, ಕುಲಕರ್ಣಿಗಳಂತೆ ಒಂದು ಕಾಲದ ನೌಕರಿಯ ಗುರುತುಗಳೇ. ಇವತ್ತು ಆ ಮನೆಗಳಲ್ಲಿ ಮಾಸ್ತರರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ.

ರಣವೀರದ ವಿಷಯಕ್ಕೆ ಬಂದರೆ, ಆ ಎರಡೂ ಪದಗಳು ನೀವು ಅಂದುಕೊಂಡದ್ದಕ್ಕಿಂತ ಮೃದುವಾದವು. ವೇದದ ಸಂಸ್ಕೃತದಲ್ಲಿ ‘ರಣ’ಕ್ಕೆ ಸಂತೋಷ, ನಲಿವು ಎಂಬ ಅರ್ಥವೂ ಇದೆ. ‘ವೀರ’ ಎಂದರೆ ಪರಾಕ್ರಮಿ ಮಾತ್ರವಲ್ಲ, ಋಗ್ವೇದದಲ್ಲಿ ಮಗ ಎಂಬ ಅರ್ಥದಲ್ಲೂ ಅದು ಬರುತ್ತದೆ. ನಮ್ಮ ಕಾವ್ಯಮೀಮಾಂಸಕರು ಯುದ್ಧವೀರನ ಪಂಕ್ತಿಯಲ್ಲಿಯೇ ದಾನವೀರ, ಧರ್ಮವೀರ, ದಯಾವೀರರನ್ನು ಕೂರಿಸಿದ್ದಾರೆ. ಒಂದು ಇರುವೆಯನ್ನೂ ನೋಯಿಸಬೇಡಿರೆಂದ ವರ್ಧಮಾನನನ್ನು ಲೋಕ ಮಹಾವೀರ ಎಂದೇ ಕರೆಯಿತು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನವನ್ನು ನೀವು ಶಾಲೆಯಲ್ಲಿ ಓದಿರಬೇಕು. ಕೆಡುಕರ ಪಾಲಿಗೆ ಎದುರಿಲ್ಲದವನನ್ನು ಹೊಗಳುವ ಆ ಸಾಲು ಶುರುವಾಗುವುದು “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ” ಎಂದು.

ಇನ್ನು ಹೆಸರಿನಿಂದ ಗುಣ ಬರುತ್ತದೆ ಎಂಬ ನಂಬಿಕೆ. ಇದನ್ನು ನಾನು ಈ ಅಂಕಣದಲ್ಲಿ ಹಿಂದೆಯೂ ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ. ನೀವು ರಾಣಿ ಚೆನ್ನಮ್ಮನ ಸಮಾಧಿಯಿರುವ ಊರಿನ ಮಗಳು. 1824ರ ಅಕ್ಟೋಬರದಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಟ್ಟು ಕೆಡವಿದವನ ಹೆಸರು ಬಾಳಪ್ಪ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನ ಹೆಸರು ರಾಯಣ್ಣ. ಚೆಲುವು, ಬಾಳುವೆ, ದೊರೆತನ ಇವಿಷ್ಟೇ ಇರುವ ಈ ಮೂರು ಹೆಸರುಗಳಲ್ಲಿ ಯುದ್ಧದ ಸೊಲ್ಲಾದರೂ ಎಲ್ಲಿದೆ? ಯುದ್ಧ ಬಂದದ್ದು ಅವರ ಕಾಲಕ್ಕೆ, ಅವರು ಕಾದಿದ್ದು ಕಿತ್ತೂರಿಗಾಗಿ. ನಿಮ್ಮ ಮಗ ರಣವೀರನಾದರೆ ಜಗಳಗಂಟನಾಗುವುದಿಲ್ಲ, ಸುಶಾಂತನಾದರೆ ರಾತ್ರಿ ಅಳದೆ ಮಲಗುವುದೂ ಇಲ್ಲ.

ಈಗ ಆ ಸಾಲಿಗೆ ಬರುತ್ತೇನೆ. ನೀವು ಪುಟಗಟ್ಟಲೆ ದೂರಿದ ಮಾವನವರ ಮೇಲೆ ನನಗೆ ಕನಿಕರ ಹುಟ್ಟಿದೆ. ತಿರುಗಿ ಬಾರದ ಅಣ್ಣನನ್ನು ಅರ್ಧ ಶತಮಾನ ಮನಸ್ಸಿನಲ್ಲಿಟ್ಟುಕೊಂಡ ಹಿರಿಯರು, ಮನೆಯಲ್ಲಿ ಗಂಡು ಕೂಸು ಹುಟ್ಟಿದಾಗ ಬಾಯಿಬಿಟ್ಟು ಏನನ್ನೂ ಹೇಳಲಾರದೆ ‘ರಣವೀರ’ ಎಂಬ ಒಂದೇ ಶಬ್ದ ಹೇಳಿದ್ದಾರೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ನಿಮ್ಮನ್ನು ಕೇಳದಿದ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೈನಿಕರ ಹೆಸರನ್ನು ನೀವು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ನಿಮಗೆ ಅದು ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೇನೆ. ಗೊತ್ತು ಮಾಡಿಸಬೇಕಾದವರು ನಿಮ್ಮ ಪತಿ. ಆ ಮನೆಯಲ್ಲಿ ಹುಟ್ಟಿ ಬೆಳೆದು, ದೊಡ್ಡಪ್ಪನ ಕಥೆ ಕೇಳಿಕೊಂಡು ಬಂದು, ತಂದೆಯ ದುಃಖವನ್ನು ಹೆಂಡತಿಗೂ ಹೆಂಡತಿಯ ಅಂಜಿಕೆಯನ್ನು ತಂದೆಗೂ ತಿಳಿಸದೆ ನಡುವೆ ಕೈಕಟ್ಟಿ ಕುಳಿತವರನ್ನು ನಾನು ಸಂಭಾವಿತರೆಂದು ಕರೆಯಲಾರೆ. ಈ ಎಂಟು ತಿಂಗಳ ಕಹಿಗೆ ನಾದಿನಿಗಿಂತಲೂ ಮಾವನವರಿಗಿಂತಲೂ ಅವರೇ ಹೆಚ್ಚು ಹೊಣೆ.

ಕದ್ದು ಸುಶಾಂತ ಎಂದು ಬರೆಸಬೇಡಿ. ಇವತ್ತು ಸಂಜೆ ಮಾವನವರಿಗೆ ಚಹಾ ಕೊಟ್ಟು, ಎದುರಿಗೆ ಕುಳಿತು, “ಮಾವಾರೆ, ನಿಮ್ಮ ಅಣ್ಣಾವ್ರ ಹೆಸರೇನು?” ಎಂದು ಕೇಳಿ. ನನ್ನ ಸಲಹೆ ಇಷ್ಟೇ. ಅವರು ಹೇಳುವ ಹೆಸರು ಬಸಪ್ಪನೋ ಮಲ್ಲಪ್ಪನೋ ಆಗಿರಬಹುದು, ಮಗುವಿಗೆ ಅದನ್ನೇ ಇಡಬೇಕೆಂದು ನಿಮಗೂ ಅವರಿಗೂ ಒಟ್ಟಿಗೇ ಅನ್ನಿಸಬಹುದು, ಅಥವಾ ಆ ಮಾತು ಕೇಳಿದ ಮೇಲೆ ರಣವೀರ ಎಂಬುದೇ ನಿಮ್ಮ ಕಿವಿಗೆ ಬೇರೆಯಾಗಿ ಕೇಳಿಸಬಹುದು.

ಕಾಗದದ ಕೆಲಸಕ್ಕೆ ಸಮಯವಿದೆ. ಜನನ ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಮಗುವಿನ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಬೇಕು. ಹೆರಿಗೆ ತವರಿನಲ್ಲಿ ಆಗಿರುವುದರಿಂದ ಈ ಕೆಲಸ ವಿಜಯಪುರದಲ್ಲಿ ಆಗುವುದಿಲ್ಲ, ನೋಂದಣಿಯಾದ ಬೈಲಹೊಂಗಲಕ್ಕೇ ಹೋಗಬೇಕು. ಹೆಸರು ಯಾವುದೇ ಆಗಲಿ, ಒಮ್ಮತವಾದ ಮೇಲೆ ರಜೆ ಹಾಕಿ, ಅರ್ಜಿ ತುಂಬಿ, ಅಲ್ಲಿಗೆ ಹೋಗಿ ಬರುವ ಕೆಲಸವನ್ನು ನಿಮ್ಮ ಪತಿಯೇ ಮಾಡಲಿ.