ಸಂಖ್ಯೆಯಿಲ್ಲದ ಪೇಟೆಂಟ್, ನಿಂತುಹೋದ ದೇಣಿಗೆ

ಓದುಗರ ಪತ್ರ: ಕೊಳ್ಳುವವರು ಬಿಲ್ಲಿನ ಮೊತ್ತವನ್ನು ಇಡಿ ಮೊತ್ತಕ್ಕೆ ಏರಿಸಿ, ಹೆಚ್ಚುವರಿ ಚಿಲ್ಲರೆಯನ್ನು ನಮ್ಮ ಸೇವಾಸಂಸ್ಥೆಗೆ ಬಿಡುವ ಏರ್ಪಾಡು ಮಾಡಿದ್ದೆವು. ಈ ವಿಧಾನದ ಪೇಟೆಂಟ್ ತಮ್ಮದೆಂದೂ, ಏಳು ದಿನಗಳಲ್ಲಿ ಪರವಾನಗಿ ಶುಲ್ಕ ಕಟ್ಟಬೇಕೆಂದೂ ಒಂದು ಕಂಪನಿ ನೋಟಿಸ್ ಕಳಿಸಿತು. ಹೆದರಿ ಸಂಗ್ರಹವನ್ನೇ ನಿಲ್ಲಿಸಿದ್ದೇವೆ. ನಾವು ಮಾಡಿದ್ದು ಸರಿಯೇ?

ಸಂಪಾದಕರ ಉತ್ತರ: ಮಾನ್ಯರೇ, ನೀವು ಲಗತ್ತಿಸಿದ ನೋಟಿಸನ್ನು ಎರಡು ಸಲ ಓದಿದೆ. ‘ನಮ್ಮ ಪೇಟೆಂಟ್ ಪಡೆದ ವಿಧಾನ’ ಎಂಬ ಮಾತು ಅದರಲ್ಲಿ ಒಂಬತ್ತು ಕಡೆ ಬರುತ್ತದೆ. ಪೇಟೆಂಟಿನ ಸಂಖ್ಯೆಯಾಗಲಿ, ಅದು ಯಾವ ದೇಶದ್ದೆಂಬುದಾಗಲಿ ಒಂದು ಕಡೆಯೂ ಇಲ್ಲ. ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಅರ್ಜಿ ಪರಿಶೀಲನೆಯಲ್ಲಿದೆ’ ಎಂದಿದೆ. ನೀವು ಹೆದರಿದ್ದು ಸಹಜವೇ, ಆದರೆ ಸಂಗ್ರಹ ನಿಲ್ಲಿಸಬೇಕಾಗಿರಲಿಲ್ಲ.

ಅರ್ಜಿ ಹಾಕಿದ್ದು ಪೇಟೆಂಟ್ ಪಡೆದಂತಲ್ಲ. ಮುಂದೆ ಮಂಜೂರಾದರೆ ಅರ್ಜಿ ಪ್ರಕಟವಾದ ದಿನದಿಂದ ಪರಿಹಾರ ಕೇಳಲು ಕೆಲವು ದೇಶಗಳ ಕಾನೂನಿನಲ್ಲಿ ಅವಕಾಶವಿದೆ, ನಿಜ. ಆದರೆ ಮಂಜೂರಾಗುವ ತನಕ ದಾವೆ ಹೂಡಲು ಬರುವುದಿಲ್ಲ. ಮಂಜೂರಾದ ಪೇಟೆಂಟಾದರೂ ಅದನ್ನು ಕೊಟ್ಟ ದೇಶದೊಳಗೆ ಮಾತ್ರ, ಸಾಮಾನ್ಯವಾಗಿ ಅರ್ಜಿಯ ದಿನದಿಂದ 20 ವರ್ಷ ಮಾತ್ರ ಬಾಳುತ್ತದೆ. ಅಲ್ಲದೆ ದೇಣಿಗೆ ಎತ್ತುವ ಬಗೆಯಂಥ ವ್ಯವಹಾರ ವಿಧಾನಕ್ಕೆ ಪೇಟೆಂಟ್ ಸಿಗುವುದೇ ಕಷ್ಟ: ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಅದನ್ನು ಹೊರಗಿಡುತ್ತದೆ, ಅಮೂರ್ತ ಕಲ್ಪನೆಯನ್ನು ಕಂಪ್ಯೂಟರಿಗೆ ಅಳವಡಿಸಿದ ಮಾತ್ರಕ್ಕೆ ಅದು ಪೇಟೆಂಟಿಗೆ ಅರ್ಹವಾಗದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು.

ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ದಾನಿಗಳ ವಿಚಾರ. ‘ಕಾನೂನು ಕಾರಣದಿಂದ ಸಂಗ್ರಹ ಸ್ಥಗಿತ’ ಎಂದು ನೀವು ಹಾಕಿರುವ ಫಲಕ ಓದಿದವರು ತಪ್ಪು ನಿಮ್ಮದೇ ಇರಬೇಕೆಂದು ಭಾವಿಸುತ್ತಾರೆ, ಹಾಗೆ ಒಮ್ಮೆ ಮುದುಡಿದ ಕೈ ಮತ್ತೆ ಚಾಚುವುದಿಲ್ಲ. ಇನ್ನು ಶುಲ್ಕ ಕಟ್ಟಿದ್ದರೆ, ಒಂದು ಉದ್ದೇಶಕ್ಕೆಂದು ನಂಬಿ ಕೊಟ್ಟ ಹಣ ಇಲ್ಲದ ಹಕ್ಕಿಗೆ ಸಂದಾಯವಾಗುತ್ತಿತ್ತು. ವಕೀಲರನ್ನು ಇಡುವುದಕ್ಕಿಂತ ಕಟ್ಟಿಬಿಡುವುದೇ ಅಗ್ಗವೆಂದು ಸಣ್ಣ ಸಂಸ್ಥೆಗಳಿಗೆ ತೋರುತ್ತದೆ, ಇಂಥ ನೋಟಿಸುಗಳು ನೆಚ್ಚಿಕೊಂಡಿರುವುದು ಆ ಲೆಕ್ಕವನ್ನೇ. ಕಟ್ಟಿದವರ ಹೆಸರನ್ನು ತೋರಿಸಿ ಮುಂದಿನವರನ್ನು ಹೆದರಿಸುವುದೂ ಸುಲಭ.

ಕಾನೂನು ನಿಮ್ಮನ್ನು ಕೈಬಿಟ್ಟಿಲ್ಲ. ಆಧಾರವಿಲ್ಲದ ಪೇಟೆಂಟ್ ಬೆದರಿಕೆಗೆ ಒಳಗಾದವರೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದೆಂದು ಭಾರತದ ಕಾಯ್ದೆಯ 106ನೇ ಕಲಮು ಹೇಳುತ್ತದೆ. ಬ್ರಿಟನ್ನಿನ 1977ರ ಕಾಯ್ದೆಯಲ್ಲೂ ಅಂಥ ಅವಕಾಶವಿದೆ. ಅಷ್ಟು ದೂರ ಹೋಗುವ ಮೊದಲು ಒಂದು ಕಾಗದ ಬರೆಯಿರಿ: ಪೇಟೆಂಟ್ ಸಂಖ್ಯೆ, ದೇಶ, ಮಂಜೂರಾದ ದಿನಾಂಕ, ಮತ್ತು ನಿಮ್ಮ ಏರ್ಪಾಡು ಅದರ ಯಾವ ಹಕ್ಕುಕೋರಿಕೆಯೊಳಗೆ (ಯಾವುದರ ಮೇಲೆ ಹಕ್ಕು ಕೇಳಿದೆಯೆಂದು ಪೇಟೆಂಟಿನಲ್ಲಿ ಬರೆದಿರುವ ಅಂಶ) ಬರುತ್ತದೆಂಬ ವಿವರ ಕೇಳಿ. ಸಂಖ್ಯೆ ಬಂದರೆ ಪೇಟೆಂಟ್ ಕಚೇರಿಯ ದಾಖಲೆಯಲ್ಲಿ, ಅದು ಎಲ್ಲರಿಗೂ ತೆರೆದದ್ದು, ನೀವೇ ಹುಡುಕಿ ನೋಡಿ, ಆಮೇಲೆ ಬೇಕಾದರೆ ವಕೀಲರ ಬಳಿ ಹೋಗಿ. ಆ ಫಲಕವನ್ನು ಮಾತ್ರ ಇಂದೇ ತೆಗೆದು, ನಡೆದದ್ದನ್ನು ದಾನಿಗಳಿಗೆ ನಾಲ್ಕು ಸಾಲಿನಲ್ಲಿ ತಿಳಿಸಿ. ಕಂಪನಿಯಿಂದ ಉತ್ತರ ಬಂದರೆ ಪ್ರತಿಯನ್ನು ನಮಗೂ ಕಳಿಸಿ.

– ಸಂ.