ಒಂದೇ ಸೈಟ್, ಫೋಲ್ಡರ್‌ಗೊಂದು ನಿಯಮ

ಪ್ರಶ್ನೆ: ನಮ್ಮ ಕನ್ನಡ ಸಂಘದ ಸೈಟ್ ಅಪಾಚೆ 2.4 ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿದೆ. ಸದಸ್ಯರ ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಲು ಅದರೊಳಗೆ ಫೋಲ್ಡರ್‌ನ ನಿಯಮಗಳನ್ನು ಬರೆಯುವ ಡಾಟ್ ಎಚ್‌ಟಿಆಕ್ಸೆಸ್ (.htaccess) ಫೈಲ್ ಇಟ್ಟರೂ ಎಲ್ಲರಿಗೂ ತೆರೆಯುತ್ತಿದೆ. ಅದರೊಳಗಿನ ಗಣೇಶೋತ್ಸವದ ಫೋಟೊ ಫೋಲ್ಡರ್ ಮಾತ್ರ ಎಲ್ಲರಿಗೂ ಕಾಣಬೇಕು.
– ಓದುಗರೊಬ್ಬರು, ಕೋಥ್ರುಡ್, ಪುಣೆ

ಉತ್ತರ: ಬಹುಶಃ ಸರ್ವರ್ ಆ ಫೈಲನ್ನು ಓದುತ್ತಲೇ ಇಲ್ಲ. ಅದರಲ್ಲಿ ಅರ್ಥವಿಲ್ಲದ ಒಂದು ಸಾಲು ಗೀಚಿ ನೋಡಿ. 500 ಎರರ್ ಬಂದರೆ ಓದುತ್ತಿದೆ; ಬಾರದಿದ್ದರೆ, ಇಂಥ ಫೈಲ್‌ಗಳಿಗೆ ಅನುಮತಿ ಕೊಡುವ ‘ಅಲೌಓವರ್‌ರೈಡ್’ ಸೆಟ್ಟಿಂಗ್ ‘ನನ್’ (None, ಯಾವುದಕ್ಕೂ ಅನುಮತಿಯಿಲ್ಲ) ಆಗಿದೆ ಎಂದರ್ಥ. 2.4ರಲ್ಲಿ ಡಿಫಾಲ್ಟೇ ಹಾಗೆ. ಸರ್ವರ್‌ನ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ, ಸದಸ್ಯರ ಫೋಲ್ಡರ್‌ನ ‘ಡೈರೆಕ್ಟರಿ’ ಬ್ಲಾಕ್‌ನಲ್ಲಿ ಅದನ್ನು ‘ಆಥ್‌ಕಾನ್ಫಿಗ್’ (ಪಾಸ್‌ವರ್ಡ್ ನಿಯಮಗಳಿಗೆ ಅನುಮತಿ) ಮಾಡಿ; ವೆಬ್ ವಿಳಾಸಕ್ಕೆ ಅನ್ವಯಿಸುವ ‘ಲೊಕೇಶನ್’ ಬ್ಲಾಕ್‌ನಲ್ಲಿ ಇದು ನಡೆಯದು. ಸರ್ವರ್ ನಿಮ್ಮದೇ ಆದರೆ ಪಾಸ್‌ವರ್ಡ್ ನಿಯಮಗಳನ್ನೇ ಆ ‘ಡೈರೆಕ್ಟರಿ’ ಬ್ಲಾಕ್‌ನಲ್ಲಿ ಬರೆಯುವುದು ಮೇಲು. ಪ್ರತಿ ವಿನಂತಿಗೂ ಫೈಲ್ ಹುಡುಕುವ ಕೆಲಸ ತಪ್ಪುತ್ತದೆ.

ಪಾಸ್‌ವರ್ಡ್ ಫೈಲ್ ಎಲ್ಲಿದೆ ಎಂದು ಹೇಳುವ ‘ಆಥ್‌ಯೂಸರ್‌ಫೈಲ್’ಗೆ ಡಿಸ್ಕ್‌ನ ಪೂರ್ತಿ ಪಾತ್ ಕೊಡಿ, ವೆಬ್ ವಿಳಾಸವಲ್ಲ. ಪಾಸ್‌ವರ್ಡ್ ಫೈಲ್ ಸೈಟ್‌ನ ಫೋಲ್ಡರ್‌ನಿಂದ ಹೊರಗಿರಲಿ. ಆ ಫೈಲ್‌ಗೆ ಹೆಸರು ಸೇರಿಸುವ ‘ಎಚ್‌ಟಿಪಾಸ್‌ಡಬ್ಲ್ಯುಡಿ’ (htpasswd) ಕಮಾಂಡ್‌ಗೆ, ಹೊಸ ಫೈಲ್ ಮಾಡುವ ‘-ಸಿ’ (-c) ಮೊದಲ ಹೆಸರಿಗೆ ಮಾತ್ರ. ಎರಡನೇ ಸಲ ಹಾಕಿದರೆ ಹಳೆಯ ಹೆಸರುಗಳೆಲ್ಲ ಅಳಿಸಿಹೋಗುತ್ತವೆ.

ಮೇಲಿನ ಫೋಲ್ಡರ್‌ನ ನಿಯಮ ಒಳಗಿನದಕ್ಕೂ ಇಳಿಯುವುದರಿಂದ ಫೋಟೊ ಫೋಲ್ಡರ್‌ಗೆ ಪ್ರತ್ಯೇಕವಾಗಿ ‘ರಿಕ್ವೈರ್ ಆಲ್ ಗ್ರಾಂಟೆಡ್’ (ಎಲ್ಲರಿಗೂ ಪ್ರವೇಶ) ಬೇಕು. ಕಾನ್ಫಿಗ್ ತಿದ್ದಿದ ಮೇಲೆ ತಪ್ಪಿದೆಯೇ ಎಂದು ನೋಡಲು ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಓಡಿಸಿ, ಆಮೇಲೆ ರೀಲೋಡ್ ಮಾಡಿ. ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಇಲ್ಲದೆ ‘ಬೇಸಿಕ್’ ಬಗೆಯ ಪಾಸ್‌ವರ್ಡ್ ಬೇಡವೇ ಬೇಡ.