ಮೊದಲು ಗಾಳಿ ಇಳಿಸಿ, ಆಮೇಲೆ ಮುಂದಿನ ಟೈರು ಬದಲಿಸಿ

ಪ್ರಶ್ನೆ: ನನ್ನದು 29 ಇಂಚಿನ ಎಂಟಿಬಿ (ಗುಡ್ಡಗಾಡಿನ ಸೈಕಲ್). ಸೈಕಲ್ ಜೊತೆ ಬಂದ 2.1 ಇಂಚಿನ ಟೈರುಗಳೇ ಇವೆ, ಒಳಗೆ ಟ್ಯೂಬ್. ನನ್ನ ತೂಕ 68 ಕೆ.ಜಿ. ಭಾನುವಾರ ಚಿಕ್ಕಬಳ್ಳಾಪುರದ ಕಡೆ ಗುಡ್ಡಗಳಲ್ಲಿ ಓಡಿಸುತ್ತೇನೆ. ಮಳೆಗಾಲದಲ್ಲಿ ಊರಿಗೆ, ಮೂಡಿಗೆರೆಗೆ ಹೋದಾಗ ತೋಟದ ದಾರಿಯಲ್ಲಿ. ಗರಸಿನ ತಿರುವು ಬಂದರೆ ಮುಂದಿನ ಚಕ್ರ ಜಾರುತ್ತೆ. ಅಂಗಡಿಯಲ್ಲಿ 50 ಪಿಎಸ್‌ಐ ಗಾಳಿ ತುಂಬಿ ಕೊಡುತ್ತಾರೆ. ಎರಡೂ ಕಡೆಗೆ ಆಗುವಂಥ ಒಂದು ಜೋಡಿ ಟೈರು ಹೇಳಿ.
– ಓದುಗರು, ಯಲಹಂಕ

ಉತ್ತರ: ಹೊಸ ಟೈರು ಆಮೇಲೆ ನೋಡೋಣ, ಮೊದಲು ಆ 50 ಪಿಎಸ್‌ಐ ಇಳಿಸಿ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವಾಗ, ಮುಂದೆ 27–28, ಹಿಂದೆ 30ರ ಸುಮಾರು ಸಾಕು. ಗಾಳಿ ಜಾಸ್ತಿಯಾದರೆ ಟೈರು ನೆಲಕ್ಕೆ ಒತ್ತಿಕೊಳ್ಳುವುದಿಲ್ಲ, ಪ್ರತಿ ಕಲ್ಲಿನ ಮೇಲೂ ಪುಟಿಯುತ್ತೆ. ತೀರಾ ಇಳಿಸಲೂಬೇಡಿ. ಕಲ್ಲಿಗೆ ಬಡಿದಾಗ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಇನ್ನು ಜಾರುವ ವಿಚಾರ. ಚಿಕ್ಕಬಳ್ಳಾಪುರದ ಕಡೆ ಬೇಸಿಗೆಯಲ್ಲಿ ನೆಲ ಸಿಮೆಂಟಿನಷ್ಟು ಗಟ್ಟಿ, ಅದರ ಮೇಲೆ ಸಡಿಲ ಗರಸು. ಸೈಕಲ್ ವಾಲಿಸಿದಾಗ ಹಿಡಿದುಕೊಳ್ಳಬೇಕಾದದ್ದು ಟೈರಿನ ಅಂಚಿನ ರಬ್ಬರ್ ಉಬ್ಬುಗಳು, ಅಂದರೆ ಬಟನ್‌ಗಳು. ಅವುಗಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ: ಸವೆದು ಗುಂಡಗಾಗಿದ್ದರೆ, ಬುಡದಲ್ಲಿ ಸೀಳು ಕಂಡರೆ, ಟೈರಿನ ಆಯಸ್ಸು ಮುಗಿಯಿತು. ಹಿಂದಿನ ಚಕ್ರ ಜಾರಿದರೆ ಹೇಗೋ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬೀಳೋದೇ ಅಲ್ವಾ? ಅದಕ್ಕೇ ದುಡ್ಡು ಕಮ್ಮಿ ಇದ್ದರೆ ಮುಂದಿನದೊಂದನ್ನೇ ಬದಲಿಸಿ: 2.3 ಅಥವಾ 2.4 ಇಂಚು ಅಗಲ, ಎತ್ತರದ ಅಂಚಿನ ಬಟನ್, ಮೆತ್ತನೆ ರಬ್ಬರ್. ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್ ಇಂಥದ್ದು. ಹಿಂದೆ ಅದೇ ಕಂಪನಿಯ ಐಕಾನ್‌ನಂತೆ ಚಿಕ್ಕ ಬಟನ್ ಒತ್ತೊತ್ತಾಗಿರುವ 2.2 ಟೈರು ಇದ್ದರೆ ಏರಿನಲ್ಲಿ ಕಾಲಿಗೆ ಹಗುರ. ಕೊಳ್ಳುವ ಮುಂಚೆ ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿದಿರುವ ಕವಲು) ಟೈರಿನ ಎರಡೂ ಕಡೆ ಕನಿಷ್ಠ 6 ಮಿ.ಮೀ. ಜಾಗ ಉಳಿಯುತ್ತಾ ಅಂತ ಅಳೆಯಿರಿ.

ಮೂಡಿಗೆರೆಯ ಮಳೆಗಾಲಕ್ಕೂ ಇದೇ ಜೋಡಿ ಅಂದರೆ ನಾನು ಒಪ್ಪುವುದಿಲ್ಲ. ಅಲ್ಲಿನ ಜಿಗಟು ಕೆಂಪು ಮಣ್ಣು ಒತ್ತಾದ ಬಟನ್‌ಗಳ ಸಂದಿಗೆ ಮೆತ್ತಿಕೊಂಡು, ನಾಲ್ಕು ಸುತ್ತಿನಲ್ಲಿ ಟೈರು ನುಣ್ಣಗಾಗಿ, ಆಮೇಲೆ ಫ್ರೇಮಿನ ಸಂದಿಗೂ ತುಂಬಿ ಚಕ್ರವನ್ನೇ ನಿಲ್ಲಿಸಿಬಿಡುತ್ತೆ. ಬಟನ್ ಎತ್ತರವಾಗಿ, ದೂರ ದೂರ ಇದ್ದರೆ ಚಕ್ರ ತಿರುಗುವಾಗ ಮಣ್ಣು ತಾನೇ ಸಿಡಿದು ಉದುರುತ್ತೆ. ವರ್ಷದಲ್ಲಿ ಕೆಲವೇ ಸಲ ಹೋಗುವವರಿಗೆ ಬೇರೆ ಜೋಡಿ ಬೇಕಿಲ್ಲ, ಹಿಂದಕ್ಕೆ ಇಂಥದ್ದೊಂದು ಇಟ್ಟುಕೊಂಡರೆ ಸಾಕು. ಆದರೆ ಒದ್ದೆ ಬೇರಿಗೆ, ಪಾಚಿ ಕಟ್ಟಿದ ಕಲ್ಲಿಗೆ ಎಷ್ಟು ದೊಡ್ಡ ಬಟನ್ನೂ ಕಚ್ಚುವುದಿಲ್ಲ. ಅಲ್ಲಿ ನಂಬಬೇಕಾದ್ದು ಮೆತ್ತನೆ ರಬ್ಬರ್, ಕಮ್ಮಿ ಗಾಳಿ, ಮತ್ತೆ ಬ್ರೇಕ್ ಮುಟ್ಟದೆ ನೇರವಾಗಿ ದಾಟುವುದು.

ರಿಮ್ ಟ್ಯೂಬ್‌ಲೆಸ್‌ಗೆ ಆಗುವಂಥದ್ದಾದರೆ ಹೊಸ ಟೈರು ಹಾಕಿಸುವಾಗಲೇ ಟ್ಯೂಬ್ ತೆಗೆಸಿಬಿಡಿ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೂ ಸೀಲಂಟ್ (ಟೈರಿನೊಳಗೆ ಹಾಕುವ ದ್ರವ) ಒಂದಿಷ್ಟು ನೊರೆ ಉಕ್ಕಿಸಿ ತೂತು ಮುಚ್ಚುತ್ತೆ, ಗಾಳಿಯನ್ನು ಇನ್ನೂ 3–4 ಪಿಎಸ್‌ಐ ಇಳಿಸಬಹುದು. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿಕೊಳ್ಳಿ.